ಪಕ್ಕದ ಟೆಂಟಿನವರು

ರಾತ್ರಿ 2 ಗಂಟೆಗೆ ಯಾರೋ ಕೆಮ್ಮಿದರು. ನನ್ನ ದಿಂಬಿನ ಪಕ್ಕದಲ್ಲೇ ಕೆಮ್ಮಿದ ಹಾಗಿತ್ತು. ಗಾಬರಿಯಿಂದ ಎದ್ದು ಕೂತೆ. ಮಗಳು ಒಳ್ಳೆ ನಿದ್ದೆಯಲ್ಲಿದ್ದಳು. ಇವರೂ ಅಲ್ಲಾಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು ಕೆಮ್ಮು, ಅದರ ಹಿಂದೆಯೇ ಝಿಪ್ ಎಳೆದ ಸದ್ದು. ಆಗ ತಿಳಿಯಿತು, ಕೆಮ್ಮಿದ್ದು ಪಕ್ಕದ ಟೆಂಟಿನವರು. ನಮಗೂ ಅವರಿಗೂ ನಡುವೆ ಇದ್ದದ್ದು ಹದಿನೈದು ಹೆಜ್ಜೆ ನೆಲ, ಒಂದು ಪೊದೆ, ಎರಡೂ ಕಡೆ ತೆಳು ಬಟ್ಟೆ. ಅಷ್ಟೇ.

ಆಮೇಲೆ ನಿದ್ದೆ ಬರಲಿಲ್ಲ. ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಸುಮ್ನೆ ಕೇಳುತ್ತಾ ಮಲಗಿದೆ. ಯಾರದೋ ಗೊರಕೆ. ಎಲ್ಲೋ ಒಂದು ಮಗು ಕನವರಿಸಿ ಅಳಲು ಶುರು ಮಾಡಿತು, ಅದರ ಅಪ್ಪನೋ ಅಮ್ಮನೋ ತುಂಬಾ ಮೆಲ್ಲಗೆ ಸಮಾಧಾನ ಮಾಡಿದರು. ಇಷ್ಟೊಂದು ಅಪರಿಚಿತರ ಮಧ್ಯೆ ನಾನು ಯಾವತ್ತೂ ಮಲಗಿದ್ದಿಲ್ಲ. ರೈಲಿನಲ್ಲಿ ಮಲಗಿದ್ದೇನೆ, ನಿಜ. ಆದರೆ ರೈಲಿನಲ್ಲಿ ಚಕ್ರದ ಸದ್ದು ಎಲ್ಲರನ್ನೂ ಮುಚ್ಚಿಬಿಡುತ್ತದೆ. ಇಲ್ಲಿ ಏನೂ ಮುಚ್ಚುವುದಿಲ್ಲ.

ಅದೊಂದು ಸರ್ಕಾರಿ ಕ್ಯಾಂಪ್‌ಗ್ರೌಂಡ್. ನಗರದಿಂದ ಕಾರಿನಲ್ಲಿ ಅರ್ಧ ಗಂಟೆ. ನಾವು ಮೂರು ರಾತ್ರಿ ಇದ್ದೆವು. ಒಂದು ಗುಡ್ಡದ ಬುಡ, ದೊಡ್ಡ ದೊಡ್ಡ ಮರಗಳು, ಆಚೆ ಒಂದು ಕೆರೆ. ಟೆಂಟು ಹಾಕಲು 30 ಚಿಲ್ಲರೆ ಜಾಗಗಳು, ಒಂದೊಂದಕ್ಕೂ ಒಂದು ನಂಬರು. ನಂಬರಿನ ಕಂಬದ ಪಕ್ಕ ಕಾರು ನಿಲ್ಲಿಸುವಷ್ಟು ಜಾಗ, ಒಂದು ಮೇಜು, ಬೆಂಕಿ ಹಾಕಲು ನೆಲದಲ್ಲಿ ಹುಗಿದ ಕಬ್ಬಿಣದ ಬಳೆ. ನಾಲ್ಕೈದು ಜಾಗಕ್ಕೊಂದು ನೀರಿನ ನಲ್ಲಿ. ಎಲ್ಲರಿಗೂ ಸೇರಿ ಒಂದು ಶೌಚಾಲಯ. ಇದಿಷ್ಟೇ ಅಲ್ಲಿದ್ದದ್ದು.

ಹೊರಡುವ ಮುಂಚೆ ಸುಮಾರು ಜನ ಬೇಡ ಅಂದಿದ್ದರು. "ಅಲ್ಲಿ ಹೈವೇ ಸದ್ದು ಕೇಳುತ್ತೆ, ರಾತ್ರಿ ಊರಿನ ಬೆಳಕು ಕಾಣುತ್ತೆ, ಅದೂ ಒಂದು ಕ್ಯಾಂಪಿಂಗಾ?" ಅಂತ. ಅವರು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಹೈವೇ ಸದ್ದು ಕೇಳಿಸಿತು. ಹಗಲಿಗಿಂತ ರಾತ್ರಿಯೇ ಜಾಸ್ತಿ ಕೇಳಿಸಿತು. ಅದಕ್ಕೆ ಕಾರಣ ಇದೆ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ನೆಲಕ್ಕೆ ಹತ್ತಿರದ ಗಾಳಿಯೂ ತಣ್ಣಗಾಗುತ್ತದೆ, ಮೇಲಿನ ಗಾಳಿ ಬೆಚ್ಚಗೇ ಉಳಿಯುತ್ತದೆ. ಬೆಚ್ಚನೆ ಗಾಳಿಯಲ್ಲಿ ಸದ್ದು ಜೋರಾಗಿ ಓಡುತ್ತದೆ, ತಣ್ಣನೆ ಗಾಳಿಯಲ್ಲಿ ನಿಧಾನ. ಹಾಗಾಗಿ ಹಗಲಲ್ಲಿ ಆಕಾಶಕ್ಕೆ ಹೋಗಿಬಿಡುವ ಸದ್ದು ರಾತ್ರಿ ಬಾಗಿ ಮತ್ತೆ ನೆಲಕ್ಕೇ ಬರುತ್ತದೆ. ಮೈಲಿ ದೂರದ ಲಾರಿಯೂ ಬೇಲಿಯಾಚೆ ಹೋದಂತೆ ಕೇಳುತ್ತದೆ. ಮೊದಲ ರಾತ್ರಿ ಅದು ಕಿರಿಕಿರಿ ಅನಿಸಿತು. ಎರಡನೇ ರಾತ್ರಿಗೆ ಅದು ದೂರದ ಹೊಳೆಯ ಹಾಗೆ ಹಿಂದೆಲ್ಲೋ ಇತ್ತು.

ಕಾಡು ನೋಡಬೇಕು ಅಂತಿದ್ದರೆ ದೂರದ ಕಾಡಿಗೇ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ಊರಿನ ಪಕ್ಕದ ಕ್ಯಾಂಪಿನಲ್ಲಿ ಕಾಣುವುದು ಜನ. ನಾನು ಹೇಳಬೇಕು ಅಂತಿರುವುದೂ ಅವರ ಬಗ್ಗೆಯೇ.

ಬೆಳಿಗ್ಗೆ ನಲ್ಲಿಯ ಹತ್ತಿರ ಕೆಮ್ಮಿದವರು ಸಿಕ್ಕಿದರು. ಎಪ್ಪತ್ತು ದಾಟಿದ ಹಿರಿಯರು, ಜೊತೆಗೆ ಅವರ ಹೆಂಡತಿ. ನಾನು ಮಾತಾಡುವ ಮುಂಚೆಯೇ ಅವರು, "ರಾತ್ರಿ ನಿಮ್ಮ ನಿದ್ದೆ ಕೆಡಿಸಿದೆನಾ?" ಅಂತ ಕೇಳಿದರು. ಇಲ್ಲ ಅಂದೆ. ಅದು ಪೂರ್ತಿ ನಿಜ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಬಕೆಟ್ ತುಂಬುವವರೆಗೆ ಅವರು ಅಲ್ಲಿನ ರೀತಿ ನೀತಿ ಹೇಳಿಕೊಟ್ಟರು. ಈ ಕ್ಯಾಂಪಿಗೆ ಅವರು ತುಂಬಾ ವರ್ಷದಿಂದ ಬರುತ್ತಿದ್ದಾರಂತೆ.

ಬೋರ್ಡಿನಲ್ಲಿ ಬರೆದ ನಿಯಮಗಳು ಒಂದಷ್ಟು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಗಲಾಟೆ ಮಾಡಬಾರದು. ಬರೆಯದೆ ಇರುವ ನಿಯಮಗಳು ಅದಕ್ಕಿಂತ ಜಾಸ್ತಿ. ಕತ್ತಲಾದ ಮೇಲೆ ಹೆಡ್‌ಲ್ಯಾಂಪ್ ಹಾಕಿಕೊಂಡು ಬೇರೆಯವರ ಮುಖಕ್ಕೆ ತಿರುಗಬಾರದು, ಬೆಳಕನ್ನು ಕಾಲಬುಡಕ್ಕೆ ಇಟ್ಟುಕೊಳ್ಳಬೇಕು. ಕಾರಿನ ಬಾಗಿಲನ್ನು ಒತ್ತಿ ಮುಚ್ಚಬೇಕು, ಬಡಿಯಬಾರದು. ರಿಮೋಟ್ ಒತ್ತಿದರೆ ಕಾರು ಕೂಗುತ್ತದೆ, ಆದ್ದರಿಂದ ಕೀಲಿಯಿಂದಲೇ ಬೀಗ ಹಾಕಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ: ಬೇರೆಯವರ ಜಾಗವನ್ನು ಅಡ್ಡ ಹಾಯಬಾರದು. ಶೌಚಾಲಯಕ್ಕೆ ಅದೇ ಹತ್ತಿರದ ದಾರಿಯಾಗಿದ್ದರೂ ಸರಿ, ರಸ್ತೆ ಹಿಡಿದು ಸುತ್ತಿಕೊಂಡೇ ಹೋಗಬೇಕು.

ಈ ಕೊನೆಯದು ಮಗಳಿಗೆ ಅರ್ಥ ಆಗಲಿಲ್ಲ. "ಅಮ್ಮಾ, ಬೇಲೀನೇ ಇಲ್ವಲ್ಲ?" ಅಂದಳು. ಬೇಲಿ ಇಲ್ಲ, ಗೋಡೆ ಇಲ್ಲ. ಆದರೆ ಆ ಮೇಜು, ಆ ಬೆಂಕಿಯ ಬಳೆ, ಒಗೆದು ಹರವಿದ ಟವೆಲ್ಲು, ಅದೆಲ್ಲ ಆ ರಾತ್ರಿಗೆ ಒಬ್ಬರ ಮನೆ. ಬಾಗಿಲು ಇಲ್ಲದ ಮನೆಗೆ ಯಾರೂ ನುಗ್ಗದೆ ಇರಬೇಕಾದರೆ ಎಲ್ಲರೂ ಅದನ್ನು ಮನೆ ಅಂತ ಒಪ್ಪಿಕೊಂಡಿರಬೇಕು. ಅಲ್ಲಿದ್ದ ಮಕ್ಕಳೂ ಒಂದು ದಿನದಲ್ಲಿ ಅದನ್ನು ಕಲಿತರು. ಚೆಂಡು ಪಕ್ಕದ ಜಾಗಕ್ಕೆ ಉರುಳಿದರೆ ಗಡಿಯಲ್ಲಿ ನಿಂತು, ತೆಗೆದುಕೊಳ್ಳಬಹುದಾ ಅಂತ ಕೇಳುತ್ತಿದ್ದರು.

ನಮ್ಮ ಜಾಗದ ಅಂಚಿನಲ್ಲಿ ಸಾಲಾಗಿ ದಪ್ಪ ಕಲ್ಲುಗಳಿದ್ದವು. ಅವು ಇಲ್ಲದಿದ್ದರೆ ಕಾರನ್ನು ಮರದ ನೆರಳಿಗೆ ಒಯ್ಯಬಹುದಿತ್ತು ಅಂತ ಇವರಿಗೆ ಬೇಜಾರು. ಆ ಕಲ್ಲುಗಳ ಹಿಂದೆ ಒಂದು ಕತೆ ಇದೆ ಅಂತ ನನಗೆ ತಿಳಿದದ್ದು ವಾಪಸ್ ಬಂದು ಓದಿದ ಮೇಲೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಕಾರುಗಳು ಹೆಚ್ಚಾದಾಗ ಜನ ಕಾಡೊಳಗೆ ಎಲ್ಲೆಂದರಲ್ಲಿ ಕಾರು ನುಗ್ಗಿಸಿ ಟೆಂಟು ಹಾಕುತ್ತಿದ್ದರು. ಎಮಿಲಿಯೊ ಮೈನೆಕೆ ಎಂಬ ಸಸ್ಯರೋಗ ತಜ್ಞರು ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳ ಬುಡವನ್ನು ಪರೀಕ್ಷೆ ಮಾಡಿದರು. ಚಕ್ರ ಮತ್ತು ಕಾಲುಗಳ ಭಾರಕ್ಕೆ ಮಣ್ಣು ಗಟ್ಟಿಯಾಗಿ, ಬೇರಿಗೆ ನೀರು ಗಾಳಿ ಸಿಗದೆ ಮರ ಸೊರಗುತ್ತಿತ್ತು. ಜನ ಬರಬಾರದು ಅಂತ ಅವರು ಹೇಳಲಿಲ್ಲ. ಒಂದೇ ದಿಕ್ಕಿಗೆ ಸಾಗುವ ಸುತ್ತು ರಸ್ತೆ ಮಾಡಿ, ಅದರಿಂದ ಒಂದೊಂದು ಜಾಗಕ್ಕೆ ಕವಲು ಕೊಡಿ, ಮೇಜು ಮತ್ತು ಒಲೆಯನ್ನು ನೆಲದಲ್ಲಿ ಗಟ್ಟಿಯಾಗಿ ಹೂಡಿ, ಕಾರು ದಾಟದ ಹಾಗೆ ಬಂಡೆಗಳನ್ನು ಇಡಿ ಅಂದರು. 1932ರಲ್ಲಿ ಬಂದ ಅವರ ಯೋಜನೆ ಅದು. ಮುಂದಿನ ವರ್ಷವೇ ಕೆಲಸವಿಲ್ಲದ ಯುವಕರಿಗಾಗಿ ಶುರುವಾದ ಸರ್ಕಾರಿ ದಳದವರು ಅಂಥ ಎಷ್ಟೋ ಕ್ಯಾಂಪುಗಳನ್ನು ಕಟ್ಟಿದರು. ನಾವು ಮೂರು ದಿನ ಸುತ್ತಿದ ಆ ಮೊಟ್ಟೆಯಾಕಾರದ ರಸ್ತೆ, ಕಾರಿನ ಕವಲು, ಅಲ್ಲಾಡದ ಮೇಜು ಎಲ್ಲವೂ ಅದೇ ನಕ್ಷೆ. ಮರದ ಬೇರು ಉಳಿಸಲು ಹಾಕಿದ ಗೆರೆಗಳೇ ಮನುಷ್ಯರ ನಡುವಿನ ಗೆರೆಗಳೂ ಆಗಿವೆ. ಇದು ತಿಳಿದ ಮೇಲೆ ಆ ಕಲ್ಲುಗಳ ಮೇಲೆ ನನಗೆ ಪ್ರೀತಿ ಬಂದಿದೆ.

ಸೌದೆಯದ್ದೂ ಹೀಗೇ. ಮನೆಯಿಂದ ಸೌದೆ ತರಬೇಡಿ, ಇಲ್ಲೇ ಕೊಳ್ಳಿ ಅಂತ ಬೋರ್ಡು ಇತ್ತು. ವ್ಯಾಪಾರಕ್ಕೆ ಅಂದುಕೊಳ್ಳುವವರು ಇರುತ್ತಾರೆ. ಅಲ್ಲ. 2002ರಲ್ಲಿ ಡೆಟ್ರಾಯ್ಟ್ ನಗರದ ಹತ್ತಿರ ಹಸಿರು ಬಣ್ಣದ ಒಂದು ಸಣ್ಣ ದುಂಬಿ ಪತ್ತೆಯಾಯಿತು. ಅದರ ಮರಿಹುಳುಗಳು ಆ್ಯಶ್ ಮರದ ತೊಗಟೆಯ ಕೆಳಗೆ ಕೊರೆದು ಮರವನ್ನೇ ಕೊಲ್ಲುತ್ತವೆ. ತಾನಾಗಿ ಅದು ಬಹಳ ದೂರ ಹಾರುವುದಿಲ್ಲ. ಜನರ ಕಾರಿನ ಡಿಕ್ಕಿಯಲ್ಲಿ, ಸೌದೆಯೊಳಗೆ ಕೂತು ಊರಿಂದೂರಿಗೆ ಹೋಯಿತು. ಕೋಟಿಗಟ್ಟಲೆ ಮರ ಸತ್ತವು. ನಾಲ್ಕು ಕೊರಡು ಸೌದೆ!

ಈಗ 22ನೇ ನಂಬರಿನವರ ಬಗ್ಗೆ ಹೇಳಬೇಕು.

ಅಲ್ಲಿ ಟೆಂಟು ಇರಲಿಲ್ಲ. ಒಂದು ಹಳೆಯ ಕಾರು, ಹಿಂದಿನ ಕಿಟಕಿಗಳಿಗೆ ಒಳಗಿನಿಂದ ಬಟ್ಟೆ ಕಟ್ಟಿತ್ತು. ಮೇಜಿನ ಮೇಲೆ ಎಲ್ಲವೂ ಒಪ್ಪವಾಗಿ ಇತ್ತು: ಒಲೆ, ತೊಳೆದು ಬೋರಲು ಹಾಕಿದ ಪಾತ್ರೆ, ಒಂದು ಸಣ್ಣ ಕನ್ನಡಿ. ಬೆಳಿಗ್ಗೆ 7 ಗಂಟೆಗೆ ಒಬ್ಬರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಕಾರು ತೆಗೆದು ಹೊರಟರು. ಸಂಜೆ ವಾಪಸ್ ಬಂದರು.  ನಮ್ಮ ಪಕ್ಕದ ಹಿರಿಯರು ಮೆಲ್ಲಗೆ ಹೇಳಿದರು: ಅವರು ಊರಿನಲ್ಲಿ ಕೆಲಸಕ್ಕೆ ಹೋಗುತ್ತಾರೆ, ಬಾಡಿಗೆ ಮನೆ ಬಿಟ್ಟಿದ್ದಾರೆ, ಇನ್ನೊಂದು ಸಿಕ್ಕಿಲ್ಲ. ಇಲ್ಲಿ 14 ದಿನಕ್ಕಿಂತ ಹೆಚ್ಚು ಇರುವ ಹಾಗಿಲ್ಲ, ಆಮೇಲೆ ಬೇರೆ ಕ್ಯಾಂಪಿಗೆ ಹೋಗುತ್ತಾರೆ. ಅಲ್ಲಿಂದ ಮತ್ತೆ ಇಲ್ಲಿಗೆ.

ನಾವು ರಜೆಗೆ ಅಂತ ಬಂದ ಜಾಗ ಅವರಿಗೆ ವಿಳಾಸವಾಗಿತ್ತು. ನಾವು ಮಜಾ ಅಂತ ಮಾಡುತ್ತಿದ್ದುದನ್ನೆಲ್ಲ ಅವರು ದಿನವೂ ಮಾಡಲೇಬೇಕಿತ್ತು. ಹೊರಗೆ ಅಡುಗೆ, ತಣ್ಣೀರಿನಲ್ಲಿ ಪಾತ್ರೆ, ಬೆಳಿಗ್ಗೆ ಚಳಿಯಲ್ಲಿ ಶೌಚಾಲಯದ ತನಕ ನಡಿಗೆ. ಅವರ ಮುಂದೆ ಹಾದು ಹೋಗುವಾಗ ನನ್ನ ಕೈಯಲ್ಲಿದ್ದ ಹೊಸ ಕ್ಯಾಂಪಿಂಗ್ ಸಾಮಾನು ನೋಡಿ ನಾಚಿಕೆಯಾಯಿತು. ಆಮೇಲೆ ಯೋಚಿಸಿದಾಗ, ಆ ನಾಚಿಕೆಯಿಂದ ಅವರಿಗೇನೂ ಉಪಕಾರ ಇಲ್ಲ ಅನಿಸಿತು. ಅವರು ನನ್ನನ್ನು ನೋಡಿ ತಲೆ ಆಡಿಸಿದರು, ನಾನೂ ಆಡಿಸಿದೆ. ಅಕ್ಕಪಕ್ಕದ ಮನೆಯವರು ಬೆಳಿಗ್ಗೆ ಬಾಗಿಲಲ್ಲಿ ಸಿಕ್ಕಾಗ ಮಾಡುವ ಹಾಗೆ.

ಊರ ಪಕ್ಕದ ಕ್ಯಾಂಪುಗಳಿಗೆ ಇದು ಹೊಸದೇನಲ್ಲ. 1920ರ ದಶಕದಲ್ಲಿ ಅಮೆರಿಕದ ಎಷ್ಟೋ ಊರುಗಳು ಕಾರಿನಲ್ಲಿ ಬರುವ ಪ್ರವಾಸಿಗಳಿಗಾಗಿ ಊರಲ್ಲೇ ಪುಕ್ಕಟೆ ಕ್ಯಾಂಪು ತೆರೆದಿದ್ದವು. ಬಂದವರು ಊರಿನ ಅಂಗಡಿಗಳಲ್ಲಿ ದುಡ್ಡು ಖರ್ಚು ಮಾಡಲಿ ಅಂತ. ಡೆನ್ವರ್ ನಗರದ ಓವರ್‌ಲ್ಯಾಂಡ್ ಪಾರ್ಕ್ ಅದರಲ್ಲಿ ಹೆಸರುವಾಸಿ. 160 ಎಕರೆ, ಸುಮಾರು 800 ಕಾರುಗಳಿಗೆ ಜಾಗ, ಅಂಗಡಿ ಮತ್ತು ಬಟ್ಟೆ ಒಗೆಯುವ ವ್ಯವಸ್ಥೆ ಇದ್ದ ಮೂರು ಅಂತಸ್ತಿನ ಕಟ್ಟಡ. ಆದರೆ ಪುಕ್ಕಟೆ ಅಂದ ಮೇಲೆ ಪ್ರವಾಸಿಗಳು ಮಾತ್ರ ಬರುವುದಿಲ್ಲ. ಕೆಲಸ ಹುಡುಕಿಕೊಂಡು ಊರೂರು ಅಲೆಯುವ ಕುಟುಂಬಗಳೂ ಬಂದವು, ವಾರಗಟ್ಟಲೆ ಉಳಿದವು. ಊರಿನವರಿಗೆ ಅದು ಸರಿ ಬರಲಿಲ್ಲ. ಒಂದೊಂದಾಗಿ ಊರುಗಳು ರಾತ್ರಿಗೆ ಇಷ್ಟು ಅಂತ ದುಡ್ಡು ತೆಗೆದುಕೊಳ್ಳಲು ಶುರು ಮಾಡಿದವು, ಇಷ್ಟೇ ದಿನ ಅಂತ ಮಿತಿ ಹಾಕಿದವು. ನಿರ್ವಹಣೆಗೆ ದುಡ್ಡು ಬೇಕಿತ್ತು, ಅದು ನಿಜ. ಬಡವರನ್ನು ದೂರ ಇಡುವುದೂ ಅದರ ಉದ್ದೇಶವಾಗಿತ್ತು, ಅದೂ ನಿಜ. ಓವರ್‌ಲ್ಯಾಂಡ್ ಪಾರ್ಕ್ ಇವತ್ತು ಗಾಲ್ಫ್ ಮೈದಾನ.

ಮಿತಿಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಮಿತಿ ಇಲ್ಲದಿದ್ದರೆ ನಮಗೆ ಅಲ್ಲಿ ಜಾಗವೇ ಸಿಗುತ್ತಿರಲಿಲ್ಲ. ಮನೆ ಇಲ್ಲದವರಿಗೆ ಮನೆ ಕೊಡುವ ಕೆಲಸ ಒಂದು ಕ್ಯಾಂಪಿನದ್ದೂ ಅಲ್ಲ. ಆದರೆ 15ನೇ ದಿನ ಆ ಮನುಷ್ಯ ಕಿಟಕಿಯ ಬಟ್ಟೆ ಬಿಚ್ಚಿ, ಕನ್ನಡಿ ತೆಗೆದಿಟ್ಟು ಹೊರಡುವುದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಎರಡನೇ ದಿನ ಸಂಜೆ, ಬೆಂಕಿ ಹೊತ್ತಿಸುವ ಹೊತ್ತಿಗೆ, ನಮ್ಮ ಇನ್ನೊಂದು ಪಕ್ಕದ ಜಾಗಕ್ಕೆ ಒಬ್ಬ ಹೆಂಗಸು ಬಂದರು. ನಲವತ್ತರ ಆಸುಪಾಸು. ಒಬ್ಬರೇ. ಟೆಂಟು ಹಾಕುವುದು ರೂಢಿ ಇದ್ದ ಹಾಗೆ ಕಾಣಲಿಲ್ಲ, ಆದರೆ ಯಾರ ಸಹಾಯವನ್ನೂ ಕೇಳದೆ ಹಾಕಿ ಮುಗಿಸಿದರು. ಆಮೇಲೆ ನಮ್ಮ ಜಾಗದ ಅಂಚಿಗೆ ಬಂದು, ಆ ಕಲ್ಲುಗಳ ಆಚೆಯೇ ನಿಂತು ಹೇಳಿದರು: ಅಪ್ಪ ಊರಿನ ಆಸ್ಪತ್ರೆಯಲ್ಲಿದ್ದಾರೆ, ಆಪರೇಷನ್ ಆಗಿದೆ. ಹೋಟೆಲಿನಲ್ಲಿ ಅಷ್ಟು ದಿನ ಇರುವುದು ನನ್ನ ಕೈಯಲ್ಲಿ ಆಗುವುದಿಲ್ಲ. ರಾತ್ರಿ ಫೋನ್ ಬಂದರೂ ಬರಬಹುದು, ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ.

ಇದನ್ನೇ ಅವರು ಆಚೆಯ ಜಾಗದವರಿಗೂ ಹೇಳಿದರು, ಎದುರಿನವರಿಗೂ ಹೇಳಿದರು. ಕಾಯಿಲೆಯ ಸುದ್ದಿಯನ್ನು ಹೀಗೆ ಗೊತ್ತಿಲ್ಲದವರಿಗೆಲ್ಲ ಹೇಳಿಕೊಂಡು ಬರುವುದು ಎಷ್ಟು ಕಷ್ಟ, ಅಲ್ವಾ? ಗೋಡೆ ಇದ್ದಿದ್ದರೆ ಹೇಳಬೇಕಾಗಿರಲಿಲ್ಲ.

ಮಗಳು ಆ ರಾತ್ರಿ 8:30ಕ್ಕೇ ಮಲಗಿದಳು. ಮನೆಯಲ್ಲಿ 11 ಆದರೂ ಕಣ್ಣು ಮುಚ್ಚದ ಹುಡುಗಿ. ಇದಕ್ಕೂ ಕಾರಣ ಇದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಕೊಲೊರಾಡೊದ ಸಂಶೋಧಕರು ಎಂಟು ಜನರನ್ನು ಒಂದು ವಾರ ಬೆಟ್ಟದಲ್ಲಿ ಕ್ಯಾಂಪಿಗೆ ಕರೆದುಕೊಂಡು ಹೋಗಿ ನೋಡಿದ್ದರು. ಟಾರ್ಚೂ ಇಲ್ಲ, ಫೋನೂ ಇಲ್ಲ, ಬಿಸಿಲು ಮತ್ತು ಬೆಂಕಿಯ ಬೆಳಕು ಮಾತ್ರ. ವಾರ ಮುಗಿಯುವಷ್ಟರಲ್ಲಿ ಅವರ ದೇಹದ ಗಡಿಯಾರ ಸುಮಾರು ಎರಡು ಗಂಟೆ ಹಿಂದಕ್ಕೆ ಸರಿದಿತ್ತು. ರಾತ್ರಿ ಬೇಗ ನಿದ್ದೆ, ಬೆಳಿಗ್ಗೆ ಬೇಗ ಎಚ್ಚರ. ನಮ್ಮದು ಅಷ್ಟು ಶುದ್ಧವಾದ ಕತ್ತಲಲ್ಲ, ಗುಡ್ಡದ ಮೇಲೆ ಊರಿನ ಬೆಳಕು ಮಸುಕಾಗಿ ಹರಡಿತ್ತು. ಆದರೂ ಇಡೀ ಕ್ಯಾಂಪೇ 10ರೊಳಗೆ ಮಲಗಿಬಿಟ್ಟಿತ್ತು.

3 ಗಂಟೆಗೆ ಫೋನ್ ಬಂತು.

ಒಂದೇ ರಿಂಗಿಗೆ ಎತ್ತಿದರು. ಅವರು ಎಷ್ಟು ಮೆಲ್ಲಗೆ ಮಾತಾಡಿದರೂ ನನಗೆ ಕೇಳಿಸಿತು. ಹೂಂ, ಹೂಂ, ಬರ್ತೀನಿ. ಝಿಪ್ ಸದ್ದು. ಒದ್ದೆ ಹುಲ್ಲಿನ ಮೇಲೆ ಓಡುವ ಹೆಜ್ಜೆ. ಕಾರು ಸ್ಟಾರ್ಟ್ ಆಯಿತು, ದೀಪ ನಮ್ಮ ಟೆಂಟಿನ ಬಟ್ಟೆಯ ಮೇಲೆ ಹಾದು ಮರಗಳ ನೆರಳನ್ನೆಲ್ಲ ಒಮ್ಮೆ ತಿರುಗಿಸಿ ಹೋಯಿತು. ಆಮೇಲೆ ತುಂಬಾ ಹೊತ್ತು ಯಾರೂ ಅಲ್ಲಾಡಲಿಲ್ಲ. ಆದರೆ ಯಾರೂ ನಿದ್ದೆ ಮಾಡುತ್ತಿರಲಿಲ್ಲ ಅಂತ ನನಗೆ ಗೊತ್ತಾಗುತ್ತಿತ್ತು. ಗೊರಕೆಗಳು ನಿಂತಿದ್ದವು. ಹಿರಿಯರು ಕೆಮ್ಮನ್ನು ತಡೆದು ತಡೆದು ಕೊನೆಗೆ ಒಂದು ಸಲ ಕೆಮ್ಮಿದರು. ಇವರು ಕತ್ತಲಲ್ಲೇ, "ಹೋದರಾ?" ಅಂದರು. "ಹೂಂ" ಅಂದೆ.

ಬೆಳಿಗ್ಗೆ ಟೆಂಟು ಹಾಗೇ ಇತ್ತು. ಅವರಿರಲಿಲ್ಲ. ಆತುರದಲ್ಲಿ ಬಾಗಿಲ ಝಿಪ್ಪನ್ನು ಅರ್ಧಕ್ಕೇ ಬಿಟ್ಟಿದ್ದರು. ಒಳಗಿನ ಸ್ಲೀಪಿಂಗ್ ಬ್ಯಾಗಿನ ಒಂದು ತುದಿ ಕಾಣುತ್ತಿತ್ತು. ನಾವು ಅದನ್ನು ನೋಡಿಯೂ ನೋಡದ ಹಾಗೆ ನಮ್ಮ ಕೆಲಸ ಮಾಡಿಕೊಂಡೆವು. ಬೇರೆಯವರ ಜಾಗ. ಹೋಗುವ ಹಾಗಿಲ್ಲ.

ಮಧ್ಯಾಹ್ನ ಗುಡ್ಡದ ಹಿಂದಿನಿಂದ ಮೋಡ ಬಂತು. ಎಲ್ಲರೂ ಎದ್ದು ತಮ್ಮ ತಮ್ಮ ಬಟ್ಟೆ, ಸೌದೆ, ಒಲೆ ಎತ್ತಿಡತೊಡಗಿದರು. ನಾನು ಆ ಅರ್ಧ ತೆರೆದ ಬಾಗಿಲನ್ನು ನೋಡಿದೆ. ಹಿರಿಯರ ಹೆಂಡತಿಯೂ ಅದನ್ನೇ ನೋಡುತ್ತಾ ನಿಂತಿದ್ದರು. ಇಬ್ಬರೂ ರಸ್ತೆಯಲ್ಲಿ ಸಿಕ್ಕಿ, ಇಬ್ಬರೂ ಆ ಜಾಗದ ಅಂಚಿಗೆ ಬಂದು ನಿಂತೆವು. ಕೇಳೋಣ ಅಂದರೆ ಕೇಳಲು ಯಾರೂ ಇಲ್ಲ. ಅಷ್ಟರಲ್ಲಿ 22ನೇ ನಂಬರಿನವರು ಬಂದರು. ಅವತ್ತು ಭಾನುವಾರ, ಅವರಿಗೆ ರಜೆ. ಅವರು ಏನೂ ಹೇಳದೆ ಒಳಗೆ ಹೆಜ್ಜೆ ಇಟ್ಟರು. ಒಳಗಿನದ್ದನ್ನು ಒಂದು ಚೂರೂ ನೋಡದೆ, ಮುಖ ಬೇರೆ ಕಡೆ ತಿರುಗಿಸಿಕೊಂಡೇ ಝಿಪ್ ಎಳೆದರು. ಮಳೆಯ ಹೊದಿಕೆ ಒಂದು ಮೂಲೆಯಲ್ಲಿ ಸರಿಯಾಗಿ ಕಟ್ಟಿರಲಿಲ್ಲ. ಅದನ್ನು ಬಿಚ್ಚಿ, ಹಗ್ಗ ದೂರಕ್ಕೆ ಎಳೆದು, ಗೂಟವನ್ನು ಓರೆಯಾಗಿ ಹೊಡೆದರು. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು, ನೇರ ಹೊಡೆದರೆ ಗಾಳಿಗೆ ಕಿತ್ತು ಬರುತ್ತದೆ ಅಂತ ಮಗಳಿಗೆ ತೋರಿಸಿದರು. ಅವರ ಕೈ ಪಳಗಿದ ಕೈ. ಬೇಡದೆ ಇದ್ದರೂ ಕಲಿತ ಕೆಲಸ.

ಮಳೆ ಜೋರಾಗಿ ಬಂತು. ಟೆಂಟಿನೊಳಗೆ ಕೂತು ಮಳೆ ಕೇಳುವುದು ಎಷ್ಟು ಚೆಂದ ಅಂತ ಬಹಳ ಜನ ಬರೆದಿದ್ದಾರೆ, ಅದು ನಿಜವೇ. ನನಗೆ ಮಾತ್ರ ಆ ಹೊತ್ತು ಪಕ್ಕದ ಖಾಲಿ ಟೆಂಟಿನ ಮೇಲೆ ಬೀಳುತ್ತಿದ್ದ ಮಳೆಯೇ ಕೇಳಿಸುತ್ತಿತ್ತು. ಈ ಹಗುರ ಟೆಂಟುಗಳಿಗೂ ಒಬ್ಬ ದರ್ಜಿಗೂ ಸಂಬಂಧ ಇದೆ ಅಂತ ಎಲ್ಲೋ ಓದಿದ್ದೆ. ಥಾಮಸ್ ಹೈರಮ್ ಹೋಲ್ಡಿಂಗ್ ಎಂಬ ಲಂಡನ್ನಿನ ದರ್ಜಿ, ಸೈಕಲ್ಲಿನ ಮೇಲೆ ಒಯ್ಯಬಹುದಾದ ಟೆಂಟು ಮಾಡಿಕೊಂಡು ತಿರುಗಿದವರು. 1901ರಲ್ಲಿ ತಮ್ಮಂಥವರನ್ನು ಸೇರಿಸಿ ಸಂಘವನ್ನೂ ಕಟ್ಟಿದರು. ಒಬ್ಬರ ಅಳತೆಗೆ ಬಟ್ಟೆ ಹೊಲಿಯುವ ಕೈಗೇ ಹೀಗೊಂದು ಮನೆ ಹೊಲಿಯಬೇಕು ಅಂತ ಹೊಳೆದಿದೆ. ಟೆಂಟು ಮನೆಗಿಂತ ಅಂಗಿಗೇ ಹತ್ತಿರ. ಮೈಗೆ ಅಷ್ಟು ಹತ್ತಿರ ಇರುತ್ತದೆ.

ರಾತ್ರಿಯೂ ಅವರು ಬರಲಿಲ್ಲ. ಅವತ್ತು ನಾನು ಎಚ್ಚರವಾಗಿಯೇ ಇದ್ದೆ. ಪ್ರತಿ ಕಾರಿನ ಸದ್ದಿಗೂ ಕಿವಿ ನಿಮಿರುತ್ತಿತ್ತು. ಹೈವೇಯಲ್ಲಿ ಹೋಗುವುದು ಯಾವುದು, ಇತ್ತ ತಿರುಗುವುದು ಯಾವುದು ಅಂತ ಲೆಕ್ಕ ಹಾಕುತ್ತಿದ್ದೆ. ಯಾವುದೂ ಇತ್ತ ತಿರುಗಲಿಲ್ಲ.

ಸೋಮವಾರ ಬೆಳಿಗ್ಗೆ ನಾವು ಹೊರಡಬೇಕಿತ್ತು. ಮಳೆ ನಿಂತಿತ್ತು, ನಮ್ಮ ಟೆಂಟಿನ ಒಳಗೋಡೆಯೆಲ್ಲ ಹನಿ. ಅದು ಸೋರಿದ್ದಲ್ಲ, ಮೂರು ಜನರ ಉಸಿರು ತಣ್ಣನೆ ಬಟ್ಟೆಗೆ ತಾಗಿ ನೀರಾಗಿದ್ದು. ಒರೆಸಿ, ಒದರಿ, ಮಡಿಚಿ ಡಿಕ್ಕಿಗೆ ಹಾಕಿದೆವು. ಮಿಕ್ಕ ಸೌದೆಯನ್ನು ಹಿರಿಯರಿಗೆ ಕೊಟ್ಟೆವು. 22ನೇ ನಂಬರಿನವರು ಆಗಲೇ ಕೆಲಸಕ್ಕೆ ಹೊರಟುಹೋಗಿದ್ದರು. ಅವರಿಗೆ ಹೇಳಿ ಹೋಗಬೇಕು ಅಂತಿದ್ದೆ, ಆಗಲಿಲ್ಲ.

ಆ ಹೆಂಗಸಿನ ಟೆಂಟಿನ ಹೊದಿಕೆ ರಾತ್ರಿಯ ಮಳೆಗೆ ಜೋತುಬಿದ್ದಿತ್ತು. ನೈಲಾನ್ ನೀರು ಕುಡಿದರೆ ಹಿಗ್ಗುತ್ತದೆ, ಸಂಜೆ ಬಿಗಿಯಾಗಿದ್ದ ಬಟ್ಟೆ ಬೆಳಿಗ್ಗೆಗೆ ಸಡಿಲ. ನಡುವೆ ಗುಂಡಿಯ ಹಾಗೆ ಆಗಿ ನೀರು ನಿಂತಿತ್ತು. ನಾನು ಕಾರಿನಲ್ಲಿ ಚೀಲಗಳನ್ನು ಹೊಂದಿಸುತ್ತಿದ್ದೆ. ತಿರುಗಿ ನೋಡಿದಾಗ ಮಗಳು ಕಲ್ಲು ದಾಟಿ ಆಚೆ ಹೋಗಿದ್ದಳು. ಕೂಗಬೇಕು ಅಂದುಕೊಂಡು ಸುಮ್ಮನಾದೆ. ಅವಳು ಕೆಳಗಿನಿಂದ ಎರಡು ಕೈಯಲ್ಲಿ ಬಟ್ಟೆಯನ್ನು ಮೇಲಕ್ಕೆತ್ತಿ ನೀರು ಚೆಲ್ಲಿದಳು. ಆಮೇಲೆ ಒಂದೊಂದೇ ಹಗ್ಗದ ಹತ್ತಿರ ಕೂತು, ನಿನ್ನೆ ನೋಡಿ ಕಲಿತ ಹಾಗೆ, ಗಂಟನ್ನು ಸರಿಸಿ ಬಿಗಿ ಮಾಡುತ್ತಾ ಟೆಂಟನ್ನು ಒಂದು ಸುತ್ತು ಬಂದಳು.